ಹಸಿರಾದ ಮಾತ್ರಕ್ಕೆ

ಮುಖ ತೊಳೆಯುವ ಮೊದಲು ಅಂಕಿ ನೋಡಕೂಡದು ಎಂದು ಅವನು ತನಗೆ ತಾನೇ ಹಾಕಿಕೊಂಡಿದ್ದ ಕಟ್ಟಳೆ ಇವತ್ತೂ ಮುರಿಯಿತು. ಬಚ್ಚಲಿನ ಚಿಲಕ ಹಾಕಿ, ನಲ್ಲಿಯನ್ನು ಸಣ್ಣಗೆ ಬಿಟ್ಟು, ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಎಡಗೈಯಲ್ಲಿ ಮೊಬೈಲು ಹಿಡಿದು ತನ್ನ ಹೆಸರಿನ ಪುಟ ತೆರೆದ. ಈವರೆಗೆ ಬರೆದ ಲೇಖನಗಳೆಲ್ಲ ಅಲ್ಲಿ ಒಂದರ ಕೆಳಗೊಂದು ನಿಂತಿದ್ದವು. ಒಂದೊಂದರ ಬಲಕ್ಕೂ, ಅದನ್ನು ಜಗತ್ತಿನ ಎಷ್ಟು ಜನ ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದ್ದಾರೆ ಎಂಬ ಅಂಕಿ. ಎಲ್ಲಕ್ಕಿಂತ ಮೇಲಿದ್ದುದರ ಅಂಕಿ ನಿನ್ನೆಗಿಂತ ಒಂದು ಹೆಚ್ಚಾಗಿತ್ತು. ಬೇರೆ ದಿನವಾಗಿದ್ದರೆ ಆ ಒಂದು ನಾಲಿಗೆಯ ಮೇಲೆ ಚೂರು ಬೆಲ್ಲ ಇಟ್ಟ ಹಾಗೆ ಮಧ್ಯಾಹ್ನದವರೆಗೆ ಕರಗುತ್ತ ಇರುತ್ತಿತ್ತು. ಇವತ್ತು ಬಾಯೊಳಗಿನ ನೊರೆಯೇ ಕಹಿಯಾಯಿತು. ಉಗಿದು ಕನ್ನಡಿ ನೋಡಿದರೆ ಗಲ್ಲದ ಮೇಲೆ ಬಿಳಿಯ ನೊರೆ ಹತ್ತಿದ ಒಬ್ಬ ಮಧ್ಯವಯಸ್ಕ, ಯಾರದೋ ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ಹೊರಗಿನಿಂದ ಹೆಂಡತಿ ಬಾಗಿಲು ಬಡಿದು, ‘ರೀ, ಎಷ್ಟಾಯ್ತು ಇವತ್ತು ಬಿ.ಪಿ?’ ಎಂದಳು. ಅವಳು ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು. ಗಂಡನ ಈ ಅಂಕಿಗೆ ಮದುವೆಯಾದ ಹೊಸತರಲ್ಲೇ ಬಿ.ಪಿ. ಎಂದು ಹೆಸರಿಟ್ಟಿದ್ದಳು. ಏರಿದರೂ ಕಷ್ಟ, ಇಳಿದರೂ ಕಷ್ಟ, ಬೆಳಗೆದ್ದು ನೋಡಿಕೊಳ್ಳದಿದ್ದರೆ ಇವರಿಗೆ ಸಮಾಧಾನವಿಲ್ಲ ಎಂದು ತವರಿನವರ ಮುಂದೆಲ್ಲ ನಗಾಡುತ್ತಿದ್ದಳು. ಅವನು ಅಂಕಿ ಹೇಳದೆ, ಮೀಟಿಂಗಿಗೆ ಯಾವ ಅಂಗಿ ಹಾಕಿಕೊಳ್ಳಲಿ ಎಂದು ಕೇಳಿದ.

ಮೀಟಿಂಗು ಮಧ್ಯಾಹ್ನ. ಸಂಶೋಧನಾ ಸಂಸ್ಥೆಯಲ್ಲಿ ಮೂರು ಜನ ಕೂತು, ಅವನು ಪಾಚಿ ಬೆಳೆಸಿಟ್ಟ ಕೋಣೆ ಉಳಿಯಬೇಕೇ, ಪಕ್ಕದ ವಿಭಾಗದ ಯಂತ್ರಗಳಿಗೆ ಜಾಗ ಮಾಡಿಕೊಡಬೇಕೇ ಎಂದು ತೀರ್ಮಾನ ಮಾಡುವವರಿದ್ದರು. ತೀರ್ಮಾನಕ್ಕೆ ಅವರ ಮುಂದಿರುವುದು ಅವನ ಪ್ರಕಟಣೆಗಳ ಲೆಕ್ಕ, ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ಲೇಖನ. ಉಳಿದವುಗಳ ಅಂಕಿ ಕೈಬೆರಳಲ್ಲಿ ಎಣಿಸುವಂಥದ್ದು. ಪಾಚಿಯ ಮೇಲೆ ಕೆಲಸ ಮಾಡುವವರು ಜಗತ್ತಿನಲ್ಲೇ ಒಂದು ಬಸ್ಸು ತುಂಬುವಷ್ಟು, ಅವರಲ್ಲಿ ಅರ್ಧ ಜನ ಒಬ್ಬರೊಡನೊಬ್ಬರು ಮಾತು ಬಿಟ್ಟವರು. ಒಮ್ಮೆ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಹೃದಯದ ಸಂಶೋಧನೆ ಮಾಡುವ ಷಡ್ಡಕ, ಅನ್ನ ಕಲಸುತ್ತ, ನಿಮ್ಮಲ್ಲಿ ಇಪ್ಪತ್ತು ಬಂದರೆ ಆನೆ ಕಣಯ್ಯಾ, ನಮ್ಮಲ್ಲಿ ಇಪ್ಪತ್ತು ಅಂದರೆ ಇರುವೆ, ಅದಕ್ಕೇ ಈಗ ಕ್ಷೇತ್ರದ ಸರಾಸರಿಯಿಂದ ಭಾಗಿಸುತ್ತಾರೆ, ಆನೆಯನ್ನು ಆನೆಯ ಜೊತೆ ಇರುವೆಯನ್ನು ಇರುವೆಯ ಜೊತೆ ತೂಗುತ್ತಾರೆ, ಹೆದರಬೇಡ ಎಂದಿದ್ದ. ಸಮಾಧಾನಕ್ಕೇ ಹೇಳಿದ್ದು. ಆದರೂ ಹೆಂಡತಿಯ ಅಕ್ಕ ನಕ್ಕ ನಗು, ನೀರಿನ ಲೋಟ ಕೆಳಗಿಟ್ಟ ಸದ್ದು, ತಾನು ಆ ಹೊತ್ತಿಗೆ ಸರಿಯಾಗಿ ಆ ಒಂದು ಲೇಖನದ ಅಂಕಿಯನ್ನು ಹೇಳಿ ಷಡ್ಡಕನ ಹುಬ್ಬು ಮೇಲೇರಿದ್ದನ್ನು ನೋಡಿ ತೃಪ್ತಿಪಟ್ಟದ್ದು, ಎಲ್ಲ ಈಗ ಬಸ್ಸಿನ ಕಿಟಕಿಯ ಪಕ್ಕ ಕೂತವನ ಕಿವಿಯೊಳಗೆ ಮತ್ತೆ ಬಿಸಿಯಾಯಿತು.

ಆ ಲೇಖನ ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದ ನಾಲ್ಕು ಪುಟ. ಒಣಗಿ ಕಂದಿದ ಪಾಚಿಗೆ ನೀರು ಚಿಮುಕಿಸಿದರೆ ನೋಡುತ್ತಿದ್ದಂತೆ ಹಸಿರಾಗುತ್ತದೆ. ಬದುಕಿರುವುದೂ ಹಸಿರಾಗುತ್ತದೆ, ಎಂದೋ ಸತ್ತದ್ದೂ ಹಸಿರಾಗುತ್ತದೆ. ಹಸಿರಾದ ಮಾತ್ರಕ್ಕೆ ಜೀವ ಇದೆ ಎನ್ನಬೇಡಿ, ಹೊಸ ಚಿಗುರು ಒಡೆಯುವವರೆಗೆ ಕಾಯಿರಿ ಎನ್ನುವುದೇ ಲೇಖನದ ಒಟ್ಟು ಮಾತು. ಆದರೆ ಪ್ರಾಯದ ಹುಮ್ಮಸ್ಸಿನಲ್ಲಿ ಅವನು ಅದಕ್ಕೆ ಪ್ರಶ್ನೆಯ ರೂಪದ ಹೆಸರು ಕೊಟ್ಟಿದ್ದ: ಒದ್ದೆಯಾದ ಪಾಚಿಗೆ ಜೀವ ಬರುತ್ತದೆಯೇ? ಕಟ್ಟಡದ ಗೋಡೆಗಳ ಬಗ್ಗೆ ಬರೆಯುವ ಯಾರೋ ದೊಡ್ಡವರು ತಮ್ಮ ಕ್ಷೇತ್ರದ ಕೆಲಸವನ್ನೆಲ್ಲ ಒಟ್ಟುಮಾಡಿ ಒಂದು ಸಮೀಕ್ಷೆ ಬರೆದಾಗ, ಹೆಸರು ಮಾತ್ರ ಓದಿ, ಒದ್ದೆಯಾದ ಪಾಚಿಗೆ ಜೀವ ಬರುತ್ತದೆ ಎಂದು ಬರೆದು ಪಕ್ಕದಲ್ಲಿ ಇವನ ಹೆಸರು ಹಾಕಿದರು. ಆಮೇಲೆ ಬಂದವರು ಇವನನ್ನು ಓದಲಿಲ್ಲ, ಸಮೀಕ್ಷೆಯನ್ನು ಓದಿದರು. ಅವರ ನಂತರ ಬಂದವರು ಅವರನ್ನು ಓದಿದರು. ಗೋಡೆಯಿಂದ ಅದು ಚಾವಣಿಗೆ ಹೋಯಿತು, ಚಾವಣಿಯಿಂದ ಔಷಧ ಒಣಗಿಸಿ ಇಡುವವರ ಹತ್ತಿರ, ಅಲ್ಲಿಂದ ಬೀಜ ಕಾಪಿಡುವವರ ಹತ್ತಿರ, ಕೊನೆಗೆ ಬೇರೆ ಗ್ರಹದಲ್ಲಿ ತೋಟ ಮಾಡಹೊರಟವರ ಹತ್ತಿರ. ಎಲ್ಲ ಕಡೆಯೂ ಅವನ ಹೆಸರು ಕಂಸದೊಳಗೆ ಕೂತು, ಅವನು ಹೇಳದೆ ಇದ್ದ ಮಾತಿಗೆ ಸಾಕ್ಷಿ ಹೇಳುತ್ತಿತ್ತು. ಇದು ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು ಎಂದರೂ ಪೂರ್ತಿ ನಿಜವಲ್ಲ. ಹಿಂದೊಮ್ಮೆ ಅಂಥದೊಂದು ಲೇಖನ ಕಣ್ಣಿಗೆ ಬಿದ್ದು, ಮೈಯೆಲ್ಲ ಉರಿದು, ಆ ಪತ್ರಿಕೆಗೆ ಬರೆಯಲು ಕೂತು, ಎರಡು ಸಾಲು ಬರೆದು ಅಳಿಸಿದ್ದ. ಅದೇ ವಾರ ಸಂಸ್ಥೆಯ ನಿರ್ದೇಶಕರು ಕಾರಿಡಾರಿನಲ್ಲಿ ಎದುರಾದಾಗ ಮೊದಲ ಸಲ ಅವನನ್ನು ಹೆಸರು ಹಿಡಿದು ಕರೆದು ಬೆನ್ನು ತಟ್ಟಿದ್ದರು. ಆಮೇಲೆ ತನ್ನನ್ನು ಉಲ್ಲೇಖಿಸಿದ ಲೇಖನಗಳನ್ನು ಅವನು ಓದುವುದನ್ನೇ ಬಿಟ್ಟ. ಎಷ್ಟು ಎನ್ನುವುದನ್ನಷ್ಟೇ ನೋಡಿಕೊಂಡ.

ನಿನ್ನೆ ಗೋಡೆ ಮೇಡಂ ಬಂದದ್ದು ಹೀಗೆ ಬದುಕು ಸಾಗಿರುವಾಗ. ಆಕೆ ಎದುರುಗಡೆಯ ಎಂಜಿನಿಯರಿಂಗ್ ಕಟ್ಟಡದವರು. ಇಟ್ಟಿಗೆ ಸಿಮೆಂಟಿನ ಕೆಲಸ ಮಾಡಿಸುತ್ತ ವರ್ಷಾನುಗಟ್ಟಲೆ ಬಿಸಿಲಲ್ಲಿ ನಿಂತು, ಮಕ್ಕಳು ದೊಡ್ಡವರಾದ ಮೇಲೆ ಸಂಶೋಧನೆಗೆಂದು ಬಂದು ಸೇರಿದ್ದರು. ಸೊಂಟಕ್ಕೆ ನೀರಿನ ಬಾಟಲಿ ಸಿಕ್ಕಿಸಿಕೊಂಡು ಹಳೆಯ ಗೋಡೆಗಳ ಮುಂದೆ ಗಂಟೆಗಟ್ಟಲೆ ನಿಲ್ಲುವುದರಿಂದ ಹುಡುಗರು ಇಟ್ಟ ಹೆಸರು ಅದು. ಇವನನ್ನು ಪಾಚಿ ಮೇಷ್ಟ್ರು ಎನ್ನುತ್ತಿದ್ದರು. ಗೋಡೆಗೂ ಪಾಚಿಗೂ ಇವತ್ತು ಭೇಟಿ ಎಂದು ಕಾರಿಡಾರಿನಲ್ಲಿ ಯಾರೋ ನಕ್ಕದ್ದು ಇಬ್ಬರಿಗೂ ಕೇಳಿಸಿತ್ತು. ಆಕೆ ಕುರ್ಚಿಯ ತುದಿಯಲ್ಲಿ ಕೂತು, ‘ಸರ್, ನಿಮ್ಮ ಪೇಪರ್ ಓದ್ದೆ’ ಎಂದರು. ಎಲ್ಲರೂ ಹೇಳುವ ಮಾತು. ಅವನು ಸಂತೋಷ ಎಂದ. ಆಕೆ ಸ್ವಲ್ಪ ತಡೆದು, ‘ಪೂರ್ತಿ ಓದ್ದೆ ಸರ್’ ಎಂದರು. ಅವನ ಕೈ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಕಾರಣವಿಲ್ಲದೆ ಇನ್ನೊಂದು ಕಡೆಗೆ ಸರಿಸಿತು. ತಾವು ನೀರು ಹೊಡೆದ ಗೋಡೆಗಳೆಲ್ಲ ಹಸಿರಾಗುತ್ತವೆ, ಕಾದು ನೋಡಿದರೆ ಎಷ್ಟೋ ಕಡೆ ಏನೂ ಬೆಳೆಯುವುದಿಲ್ಲ, ಸತ್ತ ಪಾಚಿಯ ಮೇಲೆಯೇ ವಿಷ ಹೊಡೆದು ಗೋಡೆ ಹಾಳುಮಾಡುತ್ತಿದ್ದಾರೆ, ಇದೇನು ಹೀಗೆ ಎಂದು ಮೂಲ ಹುಡುಕಿಕೊಂಡು ಹೋದರೆ ನಿಮ್ಮ ಲೇಖನದಲ್ಲಿ ಉಲ್ಟಾ ಇದೆ, ಇದನ್ನು ಒಂದು ಟಿಪ್ಪಣಿಯಾಗಿ ಬರೆಯಬೇಕೆಂದಿದ್ದೇನೆ, ನಿಮ್ಮನ್ನು ಕೇಳದೆ ಬರೆಯಲು ಮನಸ್ಸಾಗಲಿಲ್ಲ ಎಂದು ಆಕೆ ಹೇಳುತ್ತ ಹೋದಾಗ ಅವನು ಕೇಳಿಸಿಕೊಂಡದ್ದಕ್ಕಿಂತ ನೋಡಿದ್ದೇ ಹೆಚ್ಚು. ಆಕೆಯ ಉಗುರಿನ ಸಂದಿಯಲ್ಲಿ ಸುಣ್ಣವಿತ್ತು. ಕೊನೆಗೆ ಅವನು ನಾಳೆಯ ಮೀಟಿಂಗು ಮುಗಿಯಲಿ, ಆಮೇಲೆ ನೋಡೋಣ ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ‘ನಿಮ್ಮ ಗೈಡೂ ತಮ್ಮ ಪೇಪರಲ್ಲಿ ನನ್ನ ಹೆಸರು ಸೈಟ್ ಮಾಡಿದಾರಲ್ವಾ? ಅವ್ರಿಗೆ ಗೊತ್ತಾ ನೀವು ಇಲ್ಲಿಗೆ ಬಂದಿದ್ದು?’ ಎಂದುಬಿಟ್ಟ. ಆಕೆ ಎದ್ದುನಿಂತು, ಇಲ್ಲ ಸರ್ ಎಂದು, ಒಂದು ಕ್ಷಣ ಅವನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಗೋಡೆಗೆ ನೀರು ಹೊಡೆದು ಕಾಯುವಾಗಲೂ ಆಕೆ ಹೀಗೆಯೇ ನೋಡುತ್ತಾರೇನೋ.

ಮೀಟಿಂಗಿಗೆ ಇನ್ನೂ ಹೊತ್ತಿತ್ತು. ಅವನು ಕೋಣೆಗೆ ಹೋಗಿ ದೀಪ ಹಾಕದೆ ನಿಂತ. ಗಾಜಿನ ಮುಚ್ಚಳದ ತಟ್ಟೆಗಳು ಸಾಲುಸಾಲಾಗಿ ಮಸುಕು ಬೆಳಕಿನಲ್ಲಿ ಉಸಿರಾಡುತ್ತಿದ್ದವು. ಚರಂಡಿಯ ಕಲ್ಲಿನಿಂದ, ಮರದ ತೊಗಟೆಯಿಂದ, ಸೋರುವ ನಲ್ಲಿಯ ಬುಡದಿಂದ ಎತ್ತಿ ತಂದ ಪಾಚಿಗಳು. ಕೆಲವು ಅವನ ಗುರುಗಳ ಕಾಲದವು. ಗುರುಗಳು ಹೋಗುವ ಮೊದಲು ಬೇರೇನೂ ಹೇಳಿರಲಿಲ್ಲ, ನೀರು ತಪ್ಪಿಸಬೇಡ ಎಂದಿದ್ದರು ಅಷ್ಟೇ. ಈ ಕೋಣೆಗಾಗಿಯೇ ಸುಮ್ಮನಿದ್ದೇನೆ ಎಂದು ಅವನು ತನಗೆ ಹೇಳಿಕೊಂಡ; ಹೇಳಿಕೊಂಡ ಕೂಡಲೇ ಅದು ಯಾರೋ ವಕೀಲರು ಬರೆದುಕೊಟ್ಟ ಮಾತಿನ ಹಾಗೆ ಕೇಳಿಸಿತು. ಒಂದು ತಟ್ಟೆಯ ಮುಚ್ಚಳ ಎತ್ತಿದ. ಒದ್ದೆ ಮಣ್ಣಿನ ವಾಸನೆ. ತಾಯಿ ಸಂಜೆ ದೀಪ ಹಚ್ಚುವ ಮೊದಲು ಹೊಸ್ತಿಲು ಸಾರಿಸಿದಾಗಲೂ ಇದೇ ವಾಸನೆ ಬರುತ್ತಿತ್ತು. ಆಮೇಲೆ ನೆರೆಮನೆಯವರು ಒಬ್ಬೊಬ್ಬರಾಗಿ ಬಂದು ನಡುಮನೆಯಲ್ಲಿ ಕೂರುತ್ತಿದ್ದರು, ತಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಪದ್ಯ ಎತ್ತಿಕೊಳ್ಳುತ್ತಿದ್ದಳು. ಪುಸ್ತಕ ಇರುತ್ತಿರಲಿಲ್ಲ. ಅವಳಿಗೆ ಅವಳ ಅಜ್ಜಿಯಿಂದ ಬಾಯಿಗೆ ಬಂದದ್ದು. ಕೇಳುವವರು ತಲೆದೂಗುತ್ತಿದ್ದರು, ಕೆಲವರು ತೂಕಡಿಸುತ್ತಿದ್ದರು. ಎರಡೂ ದೂರದಿಂದ ಒಂದೇ ಥರ ಕಾಣುತ್ತಿತ್ತು. ಒಂದು ಸಂಜೆ ಪದ್ಯದ ನಡುವೆ ತಾಯಿ ಒಂದು ಮಾತು ಬದಲಿಸಿ ಹೇಳಿದಳು. ಯಾರೂ ಏನೂ ಅನ್ನಲಿಲ್ಲ, ತಲೆಗಳು ತೂಗುತ್ತಲೇ ಇದ್ದವು. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ, ‘ಅಕ್ಕಾ, ಅಲ್ಲಿ ಹಾಗಲ್ಲ’ ಎಂದಳು. ಅವನು ತಾಯಿಯ ಪರವಾಗಿ ನಾಚಿ ಮುಖ ಕೆಳಗೆ ಹಾಕಿಕೊಂಡ. ತಾಯಿ ಕಣ್ಣು ತೆರೆದಳು. ಚಿಕ್ಕಮ್ಮನ ಕಡೆ ಕೈ ಜೋಡಿಸಿ, ಪದ್ಯದ ಮೊದಲಿಗೆ ಹೋಗಿ, ತಿದ್ದಿಕೊಂಡು ಮತ್ತೆ ಹೇಳಿದಳು. ಆ ರಾತ್ರಿ ಹಾಸಿಗೆ ಹಾಸುವಾಗ ಅವಳ ಮುಖದಲ್ಲಿದ್ದ ಖುಷಿಯ ಕಾರಣ ಅವನಿಗೆ ತಿಳಿಯಲಿಲ್ಲ. ಬೇಜಾರಾಗಲಿಲ್ಲವೇ ಎಂದು ಕೇಳಿದ್ದಕ್ಕೆ, ‘ಯಾಕೋ? ಒಬ್ಬಳಾದ್ರೂ ಕೇಳ್ತಾ ಇದ್ಲು ಅಂತಾಯ್ತಲ್ಲ’ ಎಂದಿದ್ದಳು. ತಟ್ಟೆಯ ಮುಚ್ಚಳ ಅವನ ಕೈಯಲ್ಲೇ ಇತ್ತು. ಅದರ ಒಳಮೈಯ ಹನಿಗಳು ಒಂದಕ್ಕೊಂದು ಕೂಡಿ ಅವನ ಮಣಿಕಟ್ಟಿನ ಮೇಲೆ ಇಳಿದವು.

ಸಭೆಯ ಕೋಣೆಯಲ್ಲಿ ಅಧ್ಯಕ್ಷರು ನಕ್ಷತ್ರಗಳ ಮೇಲೆ ಕೆಲಸ ಮಾಡಿದ ಹಿರಿಯರು. ಪಕ್ಕದಲ್ಲಿ ಔಷಧ ವಿಜ್ಞಾನದ ಹೆಂಗಸು. ತುದಿಯಲ್ಲಿ ಕಚೇರಿಯ ಅಂಕಿ ಅಧಿಕಾರಿ, ತೀರಾ ಅಚ್ಚುಕಟ್ಟಾದ ಮನುಷ್ಯ, ಬಂದ ಕೂಡಲೇ ಪರದೆಯ ಮೇಲೆ ಕಂಬಗಳ ಚಿತ್ರ ತೋರಿಸಿದ. ಒಂದೇ ಒಂದು ಕಂಬ ಪರದೆಯ ನೆತ್ತಿ ಮುಟ್ಟಿತ್ತು. ಅದರ ಬುಡದಲ್ಲಿ ಉಳಿದ ಲೇಖನಗಳು ನೆಲಕ್ಕೆ ಅಂಟಿದ ಗೆರೆಯಂತೆ ಇದ್ದವು. ಅಧ್ಯಕ್ಷರು ತುಂಬಾ ಪ್ರೀತಿಯಿಂದ ಮಾತಾಡಿದರು. ನಮ್ಮ ನಕ್ಷತ್ರದವರ ಲೇಖನದಲ್ಲಿ ಲೇಖಕರ ಹೆಸರುಗಳೇ ಲೇಖನಕ್ಕಿಂತ ಉದ್ದ, ಹಾಗಾಗಿ ಯಾರು ಏನು ಮಾಡಿದರೆಂದು ದೇವರಿಗೂ ತಿಳಿಯದು, ನೀವು ಒಬ್ಬರೇ ಕೂತು ನಾಲ್ಕು ಪುಟ ಬರೆದು ಇಷ್ಟೊಂದು ಕ್ಷೇತ್ರಗಳಿಗೆ ಬೇಕಾದವರಾದಿರಿ ಎಂದರು. ಅಧಿಕಾರಿ, ಕ್ಷೇತ್ರದ ಸರಾಸರಿಗಿಂತ ಎಷ್ಟೋ ಪಟ್ಟು ಮೇಲೆ ಎಂದು ಓದಿದ. ಕೋಣೆ ಉಳಿದ ಹಾಗೆಯೇ ಇತ್ತು. ಅವನು ವಂದನೆ ಹೇಳಿ ಎದ್ದರೆ ಸಾಕಿತ್ತು. ಅಷ್ಟರಲ್ಲಿ ಅಧ್ಯಕ್ಷರು ಮುಗಿಸುವ ಉಪಚಾರಕ್ಕೆಂದು, ಅದರಲ್ಲಿ ನೀವು ಕಂಡುಹಿಡಿದದ್ದೇನು, ನಮ್ಮಂಥವರಿಗೆ ತಿಳಿಯುವ ಹಾಗೆ ಹೇಳಿ ಎಂದರು.

ಅವನು ಹೇಳಿದ. ಸತ್ತ ಪಾಚಿಯೂ ನೀರು ಕುಡಿದರೆ ಹಸಿರಾಗುತ್ತದೆ, ಹಸಿರಾದ ಮಾತ್ರಕ್ಕೆ ಬದುಕಿದೆ ಎನ್ನುವಂತಿಲ್ಲ ಎಂದ. ಅಧ್ಯಕ್ಷರು ತಲೆದೂಗಿ, ಒಣಗಿದ್ದಕ್ಕೆ ಮತ್ತೆ ಜೀವ ಬರುವುದು, ಎಂಥಾ ಸೋಜಿಗ ಎಂದರು. ಅವನು ಇಲ್ಲ ಎಂದ. ಹಸಿರಾದರೆ ಜೀವ ಬಂತು ಎನ್ನಬೇಡಿ ಎಂದೇ ತಾನು ಬರೆದದ್ದು, ಉಲ್ಲೇಖಿಸಿದವರು ತಪ್ಪು ತಿಳಿದಿದ್ದಾರೆ ಎಂದ. ಅಧ್ಯಕ್ಷರು ಅಕ್ಕಪಕ್ಕ ನೋಡಿ ನಕ್ಕು, ದೊಡ್ಡ ಕೆಲಸ ಮಾಡಿದವರ ವಿನಯ ಹೀಗೆಯೇ ಇರುತ್ತದೆ ಎಂದರು. ಸತ್ಯ ಹೇಳಿದ್ದಾಯಿತು, ಯಾರಿಗೂ ಕೇಳಿಸಲಿಲ್ಲ, ಇನ್ನು ತನ್ನ ತಪ್ಪಿಲ್ಲ. ಎಷ್ಟು ಸಲೀಸಾಗಿ ಬಾಗಿಲು ತೆರೆದುಕೊಂಡಿತ್ತು. ಅವನು ಎದ್ದೂ ಎದ್ದಿದ್ದ, ಕುರ್ಚಿ ಹಿಂದಕ್ಕೆ ಸರಿದಿತ್ತು. ಆದರೆ ಕಾಲು ಹೊರಡಲಿಲ್ಲ. ‘ಮೇಡಂ, ನಿಮ್ಮ ಕಂಪ್ಯೂಟರಿನಲ್ಲಿ ಅದು ಇದ್ರೆ, ಕೊನೇ ಪ್ಯಾರಾ ಓದಿ. ಜೋರಾಗಿ’ ಎಂದ.

ಔಷಧದ ಹೆಂಗಸು ತೆರೆದು ಓದಿದರು. ಮೊದಲ ವಾಕ್ಯ ಸರಾಗವಾಗಿ ಬಂತು. ಎರಡನೆಯದರಲ್ಲಿ ದನಿ ನಿಧಾನವಾಯಿತು. ಅವನು ತನ್ನ ಮಾತುಗಳನ್ನು ಇನ್ನೊಬ್ಬರ ಬಾಯಲ್ಲಿ ಕೇಳುತ್ತಿದ್ದುದು ಇದೇ ಮೊದಲು. ಪ್ರಾಯದಲ್ಲಿ ಎಷ್ಟು ಗಟ್ಟಿಯಾಗಿ, ಎಷ್ಟು ಸರಳವಾಗಿ ಬರೆದಿದ್ದೆ ಎನಿಸಿತು. ಓದು ಮುಗಿದ ಮೇಲೆ ಆಕೆ ಪುಟವನ್ನು ಮೇಲಕ್ಕೆ ಸರಿಸಿ ಲೇಖನದ ಹೆಸರನ್ನು ಮತ್ತೆ ನೋಡಿದರು.

‘ನಾನೂ ಇದನ್ನ ಸೈಟ್ ಮಾಡಿದೀನಿ’ ಎಂದರು ಆಕೆ.

‘ಓದಿದ್ರಾ ಮೇಡಂ?’ ಎಂದರು ಅಧ್ಯಕ್ಷರು.

‘ಈಗ ಓದ್ದೆ.’

ಅಂಕಿ ಅಧಿಕಾರಿ ಗಂಟಲು ಸರಿಮಾಡಿಕೊಂಡು, ತಪ್ಪು ತಿಳಿದು ಉಲ್ಲೇಖಿಸಿದ್ದನ್ನು ಬೇರೆ ತೋರಿಸಲು ನಮ್ಮಲ್ಲಿ ಕಾಲಂ ಇಲ್ಲ, ಉಲ್ಲೇಖ ಉಲ್ಲೇಖವೇ ಎಂದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಈಗ ಅವರ ದನಿಯಲ್ಲಿ ಮೆಚ್ಚುಗೆಯ ಸಕ್ಕರೆ ಇರಲಿಲ್ಲ, ಮನೆಯ ಹಿರಿಯನೊಬ್ಬ ಬಾಗಿಲ ಹತ್ತಿರ ಕರೆದು ಹೇಳುವ ಥರ ಇತ್ತು. ‘ನೋಡಿ, ನಿಯಮದ ಪ್ರಕಾರ ಇದು ಹೀಗೇ ಇರಬಹುದು. ನೀವು ಹೇಳಿದ್ರಿ, ನಾವು ಕೇಳಿದ್ವಿ. ಈ ಲೇಖನಾನ ಲೆಕ್ಕದಿಂದ ಕಳೀಬೇಕು ಅಂದ್ರೆ ಅದನ್ನ ನೀವೇ ಹೇಳ್ಬೇಕು.’ ಅವನಿಗೆ ಸಾಲುಸಾಲು ತಟ್ಟೆಗಳು ಕಂಡವು. ಗುರುಗಳು ಕಂಡರು. ಹೆಂಡತಿಗೆ ಏನು ಹೇಳುವುದು, ಷಡ್ಡಕನ ಹುಬ್ಬು ಇನ್ನು ಎಲ್ಲಿ ನಿಲ್ಲುತ್ತದೆ ಎನ್ನುವ ಕ್ಷುಲ್ಲಕವೂ ಆ ಕ್ಷಣದಲ್ಲೇ ನುಗ್ಗಿ ಬಂತು.

‘ಕಳೀರಿ’ ಎಂದ.

ಅಧಿಕಾರಿ ಒಂದು ಗುಂಡಿ ಒತ್ತಿದ. ಎತ್ತರದ ಕಂಬ ಇಲ್ಲವಾಯಿತು. ಚಿತ್ರ ತಾನಾಗಿಯೇ ಅಳತೆ ಬದಲಿಸಿಕೊಂಡು, ನೆಲಕ್ಕಂಟಿದ್ದ ಗೆರೆಗಳು ಒಂದೊಂದಾಗಿ ಎದ್ದು ಪರದೆ ತುಂಬ ನಿಂತವು: ತೊಗಟೆಯ ಪಾಚಿ, ಚರಂಡಿಯ ಪಾಚಿ, ವರ್ಷಾನುವರ್ಷ ಒಂದೇ ಕಲ್ಲನ್ನು ನೋಡಿ ಬರೆದದ್ದು. ಅರೆಕ್ಷಣ ಅವು ದೊಡ್ಡವಾಗಿಯೇ ಕಂಡವು. ಅಷ್ಟರಲ್ಲಿ ಅಧಿಕಾರಿ, ಪಾಚಿ ಕ್ಷೇತ್ರದ ಸರಾಸರಿಗೆ ಸರಿಸಮ ಎಂದು ಓದಿದ. ಸರಿಸಮ ಎಂದರೆ ಕೆಟ್ಟದ್ದೇನಲ್ಲ ಎಂದು ಅಧ್ಯಕ್ಷರು ಹೇಳಿದರು. ಆದರೆ ಸರಿಸಮದ ಮೇಲೆ ಒಂದು ಕೋಣೆ ಹಿಡಿದಿಡಲು ಬರುವುದಿಲ್ಲ ಎಂದೂ ಹೇಳಿದರು. ವರ್ಷದ ಕೊನೆಯೊಳಗೆ ಬಿಟ್ಟುಕೊಡಬೇಕು, ಕಾರಿಡಾರಿನ ಗಾಜಿನ ಕಪಾಟಿನಲ್ಲಿ ಎರಡು ಅರೆ ಕೊಡಿಸುತ್ತೇನೆ ಎಂದರು. ಹೊರಗೆ ಬರುವಾಗ ಔಷಧದ ಹೆಂಗಸು ಬಾಗಿಲು ಹಿಡಿದು ನಿಂತಿದ್ದರು. ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟರು.

ಗೋಡೆ ಮೇಡಂ ಎಂಜಿನಿಯರಿಂಗ್ ಕಟ್ಟಡದ ಹಿಂದಿನ ಅಂಗಳದಲ್ಲಿ, ಕುಸಿಯಲು ಬಂದ ಒಂದು ಕಾಂಪೌಂಡಿನ ಮುಂದೆ ಮಂಡಿಯೂರಿ ಕೂತಿದ್ದರು. ಅವನು ಹತ್ತಿರ ಹೋಗಿ, ನಿನ್ನೆ ಗೈಡಿನ ವಿಷಯ ಎತ್ತಿದ್ದು ನನ್ನ ಸಣ್ಣತನ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಬರೆಯಿರಿ, ನನಗೆ ಅಷ್ಟಿಷ್ಟು ಗೊತ್ತಿದ್ದೂ ಸುಮ್ಮನಿದ್ದೆ ಎನ್ನುವುದನ್ನೂ ಸೇರಿಸಿ ಬರೆಯಿರಿ ಎಂದ. ಆಕೆ ಕೈ ಒರೆಸಿಕೊಳ್ಳುತ್ತ ಎದ್ದು, ಕೋಣೆ ಏನಾಯಿತು ಎಂದು ಕೇಳಿದರು. ಹೋಯಿತು ಎಂದ. ಆಕೆ ಅಯ್ಯೋ ಅನ್ನಲಿಲ್ಲ. ಚೀಲದಿಂದ ಒಂದು ಹಾಳೆಯ ಕಟ್ಟು ತೆಗೆದರು. ಅವನದೇ ಲೇಖನ, ಅಂಚುಗಳ ತುಂಬ ಪೆನ್ಸಿಲಿನ ಗೀಟು, ಪ್ರಶ್ನೆ, ಒಂದು ಮೂಲೆಯಲ್ಲಿ ಚಹಾದ ಕಲೆ. ತನ್ನ ಲೇಖನ ಇಷ್ಟು ಕೊಳೆಯಾದದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ.

‘ಇನ್ನೊಂದಿತ್ತು ಸರ್. ನಿನ್ನೆ ಹೇಳೋಕೆ ಧೈರ್ಯ ಬರಲಿಲ್ಲ’ ಎಂದರು. ‘ನಿಮ್ಮ ಎರಡನೇ ಪ್ರಯೋಗ. ಚಿಗುರಲಿಲ್ಲ, ಸತ್ತಿದೆ ಅಂತ ತೆಗೆದು ಬಿಸಾಕಿದೀರಲ್ಲ, ಅಲ್ಲಿ ಬೇಗ ಬಿಸಾಕಿದ್ರಿ ಅನ್ಸುತ್ತೆ. ನನ್ನ ಗೋಡೇಲಿ ಒಂದೆರಡು, ನೀವು ಕಾದಿದ್ದಕ್ಕಿಂತ ತುಂಬಾ ತಡವಾಗಿ ಎದ್ದಿವೆ.’

ಅವನ ಕಿವಿ ಬಿಸಿಯಾಯಿತು. ಉತ್ತರ ನಾಲಿಗೆಯ ತುದಿಗೇ ಬಂತು: ಗಾಜಿನ ತಟ್ಟೆಯಲ್ಲಿ ಬೇರೆ, ಗೋಡೆಯ ಮೇಲೆ ಬೇರೆ, ತೇವ ಬೇರೆ, ಬೆಳಕು ಬೇರೆ. ಬಾಯಿ ತೆರೆದ ಮೇಲೆ ಆ ಉತ್ತರ ಸಾಲದು ಎಂದು ಗೊತ್ತಾಯಿತು. ಎಷ್ಟು ದಿನ ಕಾದಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಿಗೆ ಬಂದದ್ದು, ಲೇಖನ ಬೇಗ ಕಳಿಸಬೇಕೆಂಬ ಆಗಿನ ಧಾವಂತ ಮಾತ್ರ. ಕಾಂಪೌಂಡಿನ ಬಿದ್ದ ಕಲ್ಲೊಂದರ ಮೇಲೆ ಕೂತು ಹಾಳೆಗಳಿಗೆ ಕೈ ಚಾಚಿದ. ಎರಡನೇ ಪ್ರಯೋಗದ ಪಕ್ಕದಲ್ಲಿ ಆಕೆಯ ಸಣ್ಣ ಅಕ್ಷರದಲ್ಲಿ, ಇಲ್ಲಿ ಅವಸರ ಎಂದಿತ್ತು. ಅವನು ಆ ಪ್ಯಾರಾವನ್ನು ಮೊದಲಿನಿಂದ ಓದಿದ. ಮತ್ತೊಮ್ಮೆ ಓದಿದ.

‘ಪೆನ್ಸಿಲ್ ಇದೆಯಾ?’ ಎಂದು ಕೇಳಿ, ಆಕೆಗೂ ಕೂರಲು ಜಾಗವಾಗುವಂತೆ ಕಲ್ಲಿನ ಮೇಲೆ ಆಚೆಗೆ ಸರಿದ.